ಕಣಿವೆಯ ಗಾಳಿಗೆ ಕೋಮಲ ಹಾಕಿದ ಲೆಕ್ಕ

ಒಡೆಯರಪಾಳ್ಯದ ಹತ್ತಿರ, ಹನೂರು ತಾಲ್ಲೂಕು
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಷಡಕ್ಷರಣ್ಣನಿಗೆ ತಮ್ಮನ ನಮಸ್ಕಾರ.

ಮಂಡಿನೋವು ಹೇಗಿದೆ? ಜೈಸಲ್ಮೇರಿನ ಮರಳಿನಲ್ಲಿ ಗಸ್ತು ತಿರುಗುವಾಗ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಜವಾನರ ಮುಂದೆ ನಾಚಿಕೆಯೆಂದು ಬಿಚ್ಚಿಡುತ್ತೀಯೋ? ಅತ್ತಿಗೆ ನಿನಗೆಂದು ಹುರುಳಿಕಾಳಿನ ಪುಡಿ ಕುಟ್ಟಿಟ್ಟಿದ್ದಾರೆ. ನಾವೆಲ್ಲ ಚೆನ್ನಾಗಿದ್ದೇವೆ. ಈ ಪತ್ರ ನಿನ್ನ ಮಗಳ ವಿಷಯಕ್ಕೆ. ಗಾಬರಿಯಾಗಬೇಡ, ಹೆಮ್ಮೆಯ ಸುದ್ದಿಯೇ.

ಕರೆಂಟು ಹೋದಾಗಲೆಲ್ಲ ನಮ್ಮ ಹಾಲಿನ ಸಂಘದಲ್ಲಿ ಹಾಲು ಒಡೆಯುತ್ತಿದ್ದುದು ನಿನಗೆ ಗೊತ್ತು. ಸೋಲಾರ್ ಹಾಕಿಸಿದೆವು, ಆಷಾಢದ ಮೋಡಕ್ಕೆ ಅದೂ ಮಲಗಿತು. ಬಿಸಿಲಿಲ್ಲದಿದ್ದರೇನು, ಆಷಾಢದಲ್ಲಿ ಗಾಳಿಗೆ ಬರವೇ, ಒಂದು ಗಾಳಿಯಂತ್ರ ನಿಲ್ಲಿಸೋಣವೆಂದು ಕಳೆದ ವರ್ಷ ತೀರ್ಮಾನವಾಯಿತು. ಕಾರ್ಯದರ್ಶಿ ಶಿವನಂಜಯ್ಯನವರು ಸಂಘದ ಹಿಂದಿನ ದೊಡ್ಡ ಬಂಡೆಯ ಮರೆಯಲ್ಲಿ ಗುಂಡಿ ತೋಡಿಸಲು ಗುರುತು ಹಾಕಿಯೂ ಬಿಟ್ಟಿದ್ದರು. ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಕೋಮಲ ಶನಿವಾರದ ಬಸ್ಸಿಳಿದವಳು ಆ ಗುರುತು ನೋಡಿ ನೇರ ಸಭೆಗೇ ಬಂದಳು. “ಕಾಲುವೇಲಿ ಕಲ್ಲಡ್ಡ ಬಂದ್ರೆ ಇಂದ್ಗಡೆ ನೀರು ಸುಳಿ ತಿರುಗಲ್ವಾ ಮಾವ? ಬಂಡೆ ಇಂದೆ ಗಾಳೀನೂ ಅಂಗೇ. ರೆಕ್ಕೆ ಮುರ್ದೋಯ್ತದೆ. ಲೆಕ್ಕ ಆಕ್ಕೊಡ್ತೀನಿ, ಒಸಿ ತಡೀರಿ” ಎಂದಳು.

ಆ ಲೆಕ್ಕವನ್ನು ನೀನು ನೋಡಬೇಕಿತ್ತು. ಓಪನ್‌ಫೋಮ್ ಎಂಬ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅಂತೆ. ನೀರು, ಗಾಳಿ ಹೇಗೆ ಹರಿಯುತ್ತವೆಂಬುದನ್ನು ಕಂಪ್ಯೂಟರಿನೊಳಗೇ ಹರಿಸಿ ತೋರಿಸುತ್ತದೆ. ಉಪಗ್ರಹದ ನಕ್ಷೆಯಿಂದ ನಮ್ಮ ಗುಡ್ಡವನ್ನು ಎತ್ತಿಕೊಂಡು, ಅದರ ಮೇಲಿನ ಗಾಳಿಯನ್ನು ಲಕ್ಷಾಂತರ ಪುಟ್ಟ ಪೆಟ್ಟಿಗೆಗಳಾಗಿ ವಿಂಗಡಿಸಿ, ಒಂದೊಂದರ ವೇಗವನ್ನೂ ಲೆಕ್ಕ ಹಾಕಿಸಿದಳು. ಅವಳ ಹಳೆಯ ಲ್ಯಾಪ್‌ಟಾಪು ಎರಡು ದಿನ ಬುಸುಗುಟ್ಟಿತು. ಪರದೆಯ ಮೇಲೆ ಬಂಡೆಯ ಹಿಂದೆ ನೀಲಿ ಸುಳಿ, ಕಣಿವೆಯ ಬಾಯಲ್ಲಿ ಕೆಂಪಗೆ ಜೋರು ಗಾಳಿ. “ಪುಕ್ಕಟೆ ಸಿಕ್ಕೋದ ನಂಬೋದೆಂಗವ್ವಾ?” ಎಂದು ಶಿವನಂಜಯ್ಯನವರು ಕೇಳಿದರು. “ಇದ್ರೊಳಗೇನೈತೆ ಅಂತ ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು ಮಾವ. ತಪ್ಪಿದ್ರೆ ಎಲ್ಲಿ ತಪ್ತು ಅಂತ್ಲೂ ಉಡುಕ್ಬೋದು” ಎಂದಳು.

ತಪ್ಪಿತು ಅಣ್ಣಾ. ಕಣಿವೆಯ ಬಾಯಲ್ಲಿ ಗಾಳಿ ಅಳೆಯುವ ಕಂಬ ನೆಟ್ಟು ಮೂರು ತಿಂಗಳು ಕಾದರೂ ಅವಳು ಹೇಳಿದ ವೇಗದ ಮುಕ್ಕಾಲೂ ಬರಲಿಲ್ಲ. ನಾನಾಗಿದ್ದರೆ ಅಳೆಯುವ ಯಂತ್ರವನ್ನೇ ದೂರುತ್ತಿದ್ದೆ. ಅವಳು ನಲವತ್ತು ಜನರೆದುರು ಎದ್ದು “ನನ್ನ ಲೆಕ್ಕ ತಪ್ಪು” ಎಂದಳು. ಹಿಂದೆ ಯಾರೋ ನಕ್ಕರು. ಮುಖ ಕೆಂಪಾಯಿತು, ಆದರೆ ಕೂರಲಿಲ್ಲ. ಕಣಿವೆಯಲ್ಲಿ ದಿನಾ ಓಡಾಡುವವರು ಯಾರಿದ್ದೀರಿ ಎಂದು ಕೇಳಿದಳು. ಮೇಕೆ ಮೇಯಿಸುವ ವೀರಮ್ಮ ಬಾಗಿಲ ಬಳಿಯಿಂದಲೇ, “ಅಲ್ಲಿರೋ ಉಣಸೆ ಮರ್ಗೋಳ ಲೆಕ್ಕಕ್ ತಕಂಡಿದ್ದೀಯವ್ವಾ? ಅವು ಗಾಳೀಯ ತಡ್ದು ನಿಲ್ಸ್ತವೆ” ಎಂದಳು. ಕೋಮಲ, “ಇಲ್ಲ ಕಣಜ್ಜಿ. ಬೋಳು ನೆಲ ಅಂತ್ಲೇ ಬರ್ಕಂಡ್ಬುಟ್ಟಿದ್ದೆ” ಎಂದಳು. ಮರುದಿನ ಆ ಅಜ್ಜಿಯ ಜೊತೆಗೇ ನಡೆದು ಒಂದೊಂದು ಮರದ ಎತ್ತರವನ್ನೂ ಬರೆದುಕೊಂಡಳು. ಹೊಸ ಲೆಕ್ಕ ಕಂಬದ ಅಳತೆಗೆ ಹತ್ತಿರ ಬಂತು. ಮರಗಳಾಚೆ, ಬಡಗಣ ದಿಬ್ಬದ ಮೇಲೆ ಒಳ್ಳೆಯ ಗಾಳಿಯಿದೆ ಎಂದೂ ತೋರಿಸಿತು. ಕಂಬವನ್ನು ಅಲ್ಲಿಗೆ ಒಯ್ದು ಈ ಆಷಾಢವೆಲ್ಲ ಅಳೆದೆವು. ಅವಳು ಹೇಳಿದ್ದಕ್ಕೂ ಬೀಸಿದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಶಿವನಂಜಯ್ಯನವರು ಸಭೆಯಲ್ಲೇ, “ಷಡಕ್ಷರಿ ಮಗಳು ಕಣ್ರಪ್ಪಾ!” ಎಂದು ಕೂಗಿದರು. ಯಳಂದೂರು ಕಡೆಯ ಅಗರದಿಂದಲೂ ಸಂಘದವರು ಬಂದು ಅವಳ ನಂಬರು ಬರೆದುಕೊಂಡು ಹೋದರು.

ಮೈ ಜೋಪಾನ. ಮಾದಪ್ಪ ನಿನ್ನನ್ನೂ ನಿನ್ನ ಜವಾನರನ್ನೂ ಕಾಯಲಿ.

ನಿನ್ನ ತಮ್ಮ,
ಶಾಂತಮೂರ್ತಿ

ಲಕೋಟೆ ಅಂಟಿಸುವ ಮುಂಚೆ ಒಂದು ಮಾತು: ಬಡಗಣ ದಿಬ್ಬ ಎಂದಾಗಲೇ ನಿನಗೆ ತಿಳಿದಿರುತ್ತದೆ. ಅದು ನಿನ್ನ ಪಾಲಿನದು. ಅವ್ವನನ್ನು ಅಲ್ಲಿ ಮಣ್ಣು ಮಾಡಿದ ದಿನದಿಂದ ನೀನು ನೇಗಿಲು ಕೂಡ ಇಳಿಸಿಲ್ಲ. ಅಳತೆಯ ಕಂಬಕ್ಕೆ ಒಪ್ಪಿದವನು ನಾನು, ಬೈಯುವುದಿದ್ದರೆ ನನ್ನನ್ನೇ ಬೈ. “ಅಪ್ಪನ್ನ ಕೇಳ್ಬೇಡಿ ಚಿಕ್ಕಪ್ಪ, ಬ್ಯಾಡ ಅನ್ನೋಕೂ ಅವ್ರಿಗೆ ಸಂಕಟ” ಎಂದು ಕೋಮಲ ಗಾಳಿ ಕಡಿಮೆಯಿರುವ ಕಣಿವೆಯ ಬಾಯಿಗೇ ಮತ್ತೆ ಲೆಕ್ಕ ಹಾಕುತ್ತ ಕೂತಿದ್ದಾಳೆ. ಯಂತ್ರವನ್ನು ದಿಬ್ಬದ ಮೇಲೆ ನಿಲ್ಲಿಸಬಹುದೇ ಎಂದು ಅವಳಿಗೆ ತಿಳಿಯದಂತೆ ಕೇಳುತ್ತಿದ್ದೇನೆ. ಗಾಳಿಯಾಡದ ದಿನ ಊರವರೆಲ್ಲ ರಾಗಿ ರಾಶಿಯ ಮುಂದೆ ಕೈಕಟ್ಟಿ ಕೂತಿದ್ದರೆ, ಅವ್ವ ಮೊರ ಹಿಡಿದು ತೂರಲು ಹತ್ತುತ್ತಿದ್ದುದು ಅದೇ ದಿಬ್ಬ ಅಣ್ಣಾ. ಹೂಂ ಅನ್ನುವುದಾದರೆ ನನಗಲ್ಲ, ಮಗಳಿಗೇ ಬರೆ.