ಒಗ್ಗರಣೆ ಡಬ್ಬಿಯ ಆರ್ಕೇಡಿಯಾ

ಲೊರೆಶೋ, ನೈರೋಬಿ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಜಯಾ,

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಾದರೆ ಬೈ, ಆದರೆ ಪೂರ್ತಿ ಓದಿ ಬೈ. ಇದು ವಾಟ್ಸ್‌ಆ್ಯಪಿನಲ್ಲಿ ಹೇಳುವಂಥ ವಿಷಯವಲ್ಲ. ನನ್ನ ಫೋನು ಅರ್ಧ ಹೊತ್ತು ನಿಕಿತಾಳ ಕೈಯಲ್ಲೇ ಇರುತ್ತದೆ. ಇವರ ಫ್ಯಾಕ್ಟರಿಯ ದ್ವಾರಕಾನಾಥ್ ನಾಳೆ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ದಾವಣಗೆರೆಯ ನಿನ್ನ ಮೆಡಿಕಲ್ ಶಾಪ್ ಹೇಗಿದೆ? ಅತ್ತೆಯವರ ಮಂಡಿನೋವು ಇಳಿಯಿತೇ?

ನನ್ನ ಸಮಾಚಾರ ಹೇಳುತ್ತೇನೆ. ಗಂಡನ ಕೆಲಸದ ಪಾಸಿನ ಮೇಲೆ ಬಂದವಳು, ಇಲ್ಲಿ ಕೆಲಸ ಮಾಡುವಂತಿಲ್ಲ. ಹನ್ನೊಂದು ವರ್ಷ ಕೌಂಟರಿನಲ್ಲಿ ನಿಂತು ಔಷಧ ಕೊಟ್ಟ ನಾನು ಇಲ್ಲಿ ಬರೀ ‘ಮಾಮಾ ನಿಕಿತಾ’, ಅಂದರೆ ನಿಕಿತಾಳ ಅಮ್ಮ. ಗೇಟು ಕಾಯುವ ಪೀಟರ್ ಹಾಗೇ ಕರೆಯುತ್ತಾನೆ. ಮಗುವಿನ ಹೆಸರು ಹಿಡಿದು ತಾಯಿಯನ್ನು ಕರೆಯುವುದು ಇಲ್ಲಿ ಮರ್ಯಾದೆ. ಸರಿಯೇ. ಆದರೂ ಎರಡು ವರ್ಷದಿಂದ ಅನುರಾಧಾ ಎಂದು ಯಾರೂ ಕರೆದಿಲ್ಲ ಕಣೇ. ನಿಮ್ಮ ಕೃಷ್ಣಪ್ರಸಾದ ಭಾವ ಅಂತೂ ‘ಲೇ’ ಎನ್ನುವುದನ್ನು ಬಿಟ್ಟವರಲ್ಲ.

ನಿಕಿತಾಳ ಶಾಲೆಯಲ್ಲಿ ಲ್ಯಾಟಿನ್ ಹೇಳಿಕೊಡುತ್ತಾರೆ. ಎದುರು ಮನೆಯ ಶರ್ವಾಣಿ, ಬ್ಯಾಂಕಿನಲ್ಲಿ ಕೆಲಸ. ಅವಳ ಮಗ ವೈಭವ್ ನಮ್ಮವಳ ಕ್ಲಾಸು. ಒಂದು ದಿನ ಶರ್ವಾಣಿಯ ಔಷಧದ ಚೀಟಿ ನೋಡಿ, “ಬಿ.ಡಿ. ಅಂದ್ರೆ ಬಿಸ್ ಇನ್ ಡೈಯೆ, ದಿನಕ್ಕೆ ಎರಡು ಸಲ. ಲ್ಯಾಟಿನ್ನು” ಎಂದೆ. ಅಷ್ಟೇ. “ಅಯ್ಯೋ, ನಿಮಗೆ ಲ್ಯಾಟಿನ್ ಬರುತ್ತಾ! ನಮ್ ವೈಭವ್‌ಗೂ ಸ್ವಲ್ಪ ಹೇಳ್ಕೊಡಿ ಪ್ಲೀಸ್” ಎಂದಳು. ನಮ್ಮ ಲ್ಯಾಟಿನ್ ಎಷ್ಟೆಂದು ನಿನಗೆ ಗೊತ್ತು: ಊಟಕ್ಕೆ ಮುಂಚೆ, ಊಟ ಆದ ಮೇಲೆ, ಮಲಗುವಾಗ. ಬರುವುದಿಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನು ಈ ಕಟ್ಟಡದ ಲ್ಯಾಟಿನ್ ಆಂಟಿಯಾದೆ. ತುಂಬ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದಿನಾ ಬೆಳಿಗ್ಗೆ ಫೋನಿನಲ್ಲಿ ಓದಿ, ಸಂಜೆ ಮಕ್ಕಳಿಗೆ ಹೇಳುತ್ತಿದ್ದೆ. ಜನವರಿಯಲ್ಲಿ ಹಳೆಯ ಗ್ರೀಸಿನ ಪಾಠ ಬಂತು. ಅಲ್ಲಿಯ ಒಂದೊಂದು ಸೀಮೆಗೂ ಅದರ ಜನರಿಗೂ ರೋಮಿನವರು ಲ್ಯಾಟಿನ್ನಿನಲ್ಲಿ ಏನೆನ್ನುತ್ತಿದ್ದರೋ ಅದನ್ನು ಕಲಿಯಬೇಕು. ಲಕೋನಿಯಾದವರು ಲಕೋನೆಸ್, ಆರ್ಗೊಲಿಸ್‌ನವರು ಆರ್ಗೀವಿ, ಆರ್ಕೇಡಿಯಾದವರು ಆರ್ಕಡೆಸ್. ಎಲ್ಲರನ್ನೂ ಸೇರಿಸಿ ಗ್ರೇಕಿ. ಆ ಜನ ತಮ್ಮನ್ನು ಹೆಲೆನೆಸ್ ಎಂದುಕೊಳ್ಳುತ್ತಿದ್ದರಂತೆ, ಕೇಳುವವರು ಯಾರು? ಮಗ್ಗಿ ಹೇಳಿಸಿದ ಹಾಗೆ ರಾಗವಾಗಿ ಹೇಳಿಸಿದೆ, ಎರಡೇ ದಿನಕ್ಕೆ ಬಾಯಿಪಾಠವಾಯಿತು.

ನಕ್ಷೆಯನ್ನು ಮಾತ್ರ ಮನೆಯಲ್ಲೇ ಕಲಿತು ಬರಲು ಹೇಳಿದ್ದರು. ದಕ್ಷಿಣದ ತುಂಡು ನೋಡಿದೆ: ನಡುವೆ ಆರ್ಕೇಡಿಯಾ, ಸುತ್ತ ಆರು ಸೀಮೆ. ನಮ್ಮ ಒಗ್ಗರಣೆ ಡಬ್ಬಿಯಲ್ಲೂ ನಡುವೆ ಒಂದು ಬಟ್ಟಲು, ಸುತ್ತ ಆರು! ತಂದು ಮೇಜಿನ ಮೇಲಿಟ್ಟೆ. ನಡುವಿನ ಜೀರಿಗೆ ಆರ್ಕೇಡಿಯಾ, ಮೇಲಿನ ಸಾಸಿವೆ ಅಕಾಯಾ, ಕೆಳಗಿನ ಮೆಂತ್ಯ ಲಕೋನಿಯಾ. ಮಕ್ಕಳು ಬಿದ್ದು ಬಿದ್ದು ನಕ್ಕರು. ಎಂಥ ಮೇಷ್ಟ್ರಮ್ಮ ನಾನು ಎಂದು ನನಗೇ ಹೆಮ್ಮೆ.

ಮೊನ್ನೆ ಶುಕ್ರವಾರ ಶಾಲೆಯಿಂದ ಕರೆ ಬಂತು. ಇಬ್ಬರು ಮಕ್ಕಳು, ಇಬ್ಬರು ತಾಯಂದಿರು. ಲ್ಯಾಟಿನ್ ಮೇಡಂ ಎರಡು ಉತ್ತರ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಇಬ್ಬರ ನಕ್ಷೆಯಲ್ಲೂ ನಡುವಿನ ಆರ್ಕೇಡಿಯಾ ಒಂದೇ ಸರಿ. ಉತ್ತರದ ಅಕಾಯಾ ದಕ್ಷಿಣದಲ್ಲಿ, ದಕ್ಷಿಣದ ಲಕೋನಿಯಾ ಉತ್ತರದಲ್ಲಿ, ಆರಕ್ಕೆ ಆರೂ ತಪ್ಪು. ಇಬ್ಬರಿಗೂ ಅದೇ ತಪ್ಪು ತಾನಾಗಿ ಬರುವುದು ಸಾಧ್ಯವಿಲ್ಲ, ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿದ್ದಾರೆ ಎಂದರು ಮೇಡಂ. ನನಗೆ ಆಗಲೇ ಹೊಳೆಯಿತು. ಡಬ್ಬಿಯನ್ನು ನಾನು ನನ್ನ ಕಡೆಗೆ ಸರಿಯಾಗಿ ಇಟ್ಟುಕೊಂಡಿದ್ದೆ. ಮಕ್ಕಳು ಕೂತಿದ್ದು ನನ್ನ ಎದುರಿಗೆ. ಅವರು ನೋಡಿದ್ದೆಲ್ಲ ತಲೆಕೆಳಗು.

ನಿಕಿತಾ ಯಾವಾಗಲೂ ಮುಂದಿರುವವಳು, ವೈಭವ್ ಪಕ್ಕದ ಬೆಂಚಿನವನು. ಅನುಮಾನ ಅವನ ಮೇಲೆಯೇ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾಳೆ ಪ್ರಿನ್ಸಿಪಾಲರು ತೀರ್ಮಾನ ಮಾಡುತ್ತಾರೆ. ನಕಲು ಎಂದು ಬರೆದುಬಿಟ್ಟರೆ ಅವನ ಸ್ಕಾಲರ್‌ಶಿಪ್ ಹೋಗುತ್ತದೆ, ಅದಿಲ್ಲದೆ ಶರ್ವಾಣಿ ಅವನನ್ನು ಆ ಶಾಲೆಯಲ್ಲಿ ಓದಿಸಲಾರಳು. ಮೀಟಿಂಗಿನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ನಿನ್ನೆ ಶರ್ವಾಣಿ ಬಂದು ಅತ್ತಳು. “ನನ್ ಮಗ ಯಾವತ್ತೂ ಹೀಗ್ ಮಾಡಿದೋನಲ್ಲ” ಎಂದಳು. ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಇವರಿಗೆ ಡಬ್ಬಿಯ ವಿಷಯ ಹೇಳಿದೆ. “ಸುಮ್ನಿರೇ. ನಮ್ ಮಗಳ ಮೇಲೇನೂ ಬಂದಿಲ್ವಲ್ಲ. ಇಲ್ಲದ ಉಸಾಬರಿ ನಿನಗ್ಯಾಕೆ?” ಎಂದು ಪೇಪರ್ ಹಿಡಿದರು. ಇಂದು ಅನ್ನ ಸೇರಲಿಲ್ಲ. ಹೇಳಿದರೆ ನನ್ನ ಲ್ಯಾಟಿನ್ನಿನ ಬಂಡವಾಳ ಊರಿಗೆಲ್ಲ ಬಯಲು. ಹೇಳದಿದ್ದರೆ ಆ ಮಗುವಿನ ಗತಿ? ನಾಳೆ ಹೋಗಿ ಹೇಳುತ್ತೇನೆ. ಹೇಳುತ್ತೇನೆ ಅನ್ನಿಸುತ್ತಿದೆ.

ನಿನ್ನ ಮಕ್ಕಳಿಗೆ ಆಯಸ್ಸು, ವಿದ್ಯೆ ಎಲ್ಲವೂ ಒದಗಲಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನನಗೊಂದಿಷ್ಟು ಧೈರ್ಯ ಬರಲೆಂದು ದೇವರಿಗೆ ಒಂದು ದೀಪ ಹಚ್ಚು.

ಇಂತು ನಿನ್ನ,
ಅನು

ತಾ.ಕ.: ಸೋಮವಾರ ಬೆಳಿಗ್ಗೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ ಜಯಾ. ನನ್ನನ್ನು ಕೇಳಿದ್ದರು. ವೈಭವ್ ಸುಮ್ಮನಿರಲಿಲ್ಲ, “ಆಂಟಿ ಟಾಟ್ ಅಸ್. ವಿತ್ ಎ ಮಸಾಲಾ ಬಾಕ್ಸ್” ಎಂದ. ಮೇಡಂ ನನ್ನ ಕಡೆ ತಿರುಗಿ ನಿಜವೇ ಎಂದರು. ಇಲ್ಲ, ನಾನು ಶಬ್ದಗಳನ್ನು ಮಾತ್ರ ಹೇಳಿಕೊಟ್ಟೆ, ನಕ್ಷೆಯನ್ನಲ್ಲ ಎಂದೆ. ನಿಕಿತಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೋಡಲಿಲ್ಲ. ನಿನ್ನೆ ಎಂದೆನಲ್ಲ, ಶನಿವಾರ ಶರ್ವಾಣಿ ಅತ್ತಿದ್ದು ನನ್ನ ಕ್ಷಮೆ ಕೇಳುತ್ತಾ: ತನ್ನ ಮಗ ನನ್ನ ಹೆಸರನ್ನು ಸುಮ್ಮನೆ ಎಳೆದನಂತೆ.

ಇವತ್ತು ಎದ್ದ ಕೂಡಲೇ ನಿಕಿತಾ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ಪ್ರಿನ್ಸಿಪಾಲರಿಗೆ ಬರೆದದ್ದು. ವೈಭವ್‌ನ ನಕ್ಷೆ ನೋಡಿ ತಾನೇ ನಕಲು ಮಾಡಿದೆನೆಂದು. ಕೆಳಗೆ ಪೋಷಕರ ಸಹಿಗೆ ಒಂದು ಗೆರೆ. “ಇದು ಸುಳ್ಳಲ್ವೇನೇ?” ಎಂದೆ. “ಸೋ ವಾಟ್? ಯು ಆಲ್ರೆಡಿ ಸೆಡ್ ಒನ್, ಅಮ್ಮಾ” ಎಂದು ಸ್ನಾನಕ್ಕೆ ಹೋದಳು.

ಆ ಕ್ಷಣವೇ ಹರಿದು ಹಾಕಬೇಕಿತ್ತು. ಅವಳು ಸ್ನಾನ ಮಾಡಿ, ಯೂನಿಫಾರ್ಮ್ ಹಾಕಿ, ಜಡೆ ಹೆಣೆದುಕೊಂಡು ಬರುವ ತನಕ ನಾನು ಪೆನ್ನು ಹಿಡಿದು ಯೋಚಿಸುತ್ತಾ ಕೂತಿದ್ದೆ. ಹೆತ್ತ ತಾಯಿ, ಯೋಚಿಸುತ್ತಾ ಕೂತಿದ್ದೆ. ಅವಳು ಬಂದು ಖಾಲಿ ಗೆರೆ ನೋಡಿದಳು. ನನ್ನ ಕೈಯಿಂದಲೇ ಪೆನ್ನು ತೆಗೆದುಕೊಂಡು, ಫ್ರಿಜ್ಜಿನ ಮೇಲಿದ್ದ ಹಳೆಯ ಪ್ರೋಗ್ರೆಸ್ ರಿಪೋರ್ಟಿನಲ್ಲಿದ್ದ ನನ್ನ ಸಹಿಯನ್ನು ಒಂದೊಂದೇ ಗೀಟು ನೋಡಿ, ನನ್ನೆದುರಿಗೇ ಹಾಕಿದಳು. ಕಾಗದವನ್ನು ಬ್ಯಾಗಿಗೆ ಸೇರಿಸಿ ಬಸ್ಸು ಹತ್ತಿದಳು.

ಹುಟ್ಟಿದಾಗಿನಿಂದ ಯಾರದ್ದನ್ನೂ ನೋಡಿ ಬರೆದ ಮಗುವಲ್ಲ ಕಣೇ ಅದು. ಇವತ್ತು ನನ್ನದನ್ನು ನೋಡಿ ಬರೆಯಿತು. ಟ್ಯಾಕ್ಸಿ ಬಂದಿದೆ, ಅವಳು ಆ ಕಾಗದ ಕೊಡುವ ಮೊದಲು ನಾನು ಶಾಲೆಯಲ್ಲಿರಬೇಕು.