ರಾಲಿತ್ಸಾಳ ಪಾಲಿನ ಅಧ್ಯಾಯ

ವ್ರಾತ್ಸಾ, ಬುಧವಾರ

ವಾಸ್ಕೋವಾ ಮೇಡಂ ಅವರಿಗೆ, ರಾಲಿತ್ಸಾಳ ತಾಯಿಯ ವಂದನೆಗಳು.

ಪರೀಕ್ಷೆಗೆಂದು ನಿಮ್ಮ ಮಕ್ಕಳು ಕಾದಂಬರಿಯನ್ನು ಅಧ್ಯಾಯವಾರು ಹಂಚಿಕೊಂಡು ಬರೆದ ಕೈಪಿಡಿಯ ಹಾಳೆಗಳು ಆಸ್ಪತ್ರೆಗೆ ತಲುಪಿದ್ದವು. ಕೊನೆಯ ಅಧ್ಯಾಯವನ್ನು ಇವಳಿಗೇ ಉಳಿಸಿದ್ದು ನಿಮ್ಮ ದೊಡ್ಡ ಮನಸ್ಸು.

ಬರೆದ ಪ್ರತಿಯೊಬ್ಬರೂ ತಮ್ಮ ಹಾಳೆಯ ಜೊತೆ ಒಂದು ಕೆಂಪು ಕಾರ್ನೇಷನ್ ಹೂ ಕಳಿಸಿದ್ದರು. ನಮ್ಮತ್ತೆ ವಾರ್ಡಿನ ಬಾಗಿಲಲ್ಲೇ ನನ್ನನ್ನು ತಡೆದರು. "ಹನ್ನೆರಡು! ಸಮಸಂಖ್ಯೆ ಹೂ ಸತ್ತೋರಿಗೆ ಕೊಡೋದು ಅಂತ ಆ ಮಕ್ಕಳಿಗೆ ಯಾರೂ ಹೇಳ್ಲಿಲ್ವೇನೇ?" ಒಂದನ್ನು ತೆಗೆದು ಮನೆಗೆ ತಂದು ಲೋಟದಲ್ಲಿಟ್ಟೆ. ದಯವಿಟ್ಟು ಅವರನ್ನು ಬೈಯಬೇಡಿ. ಒಬ್ಬೊಬ್ಬರೂ ಒಂದೊಂದೇ ಕಳಿಸಿದ್ದು, ಒಟ್ಟು ಎಷ್ಟಾಗುತ್ತದೆಂದು ಯಾರಿಗೂ ಹೊಳೆದಿಲ್ಲ.

ರಾಲಿತ್ಸಾ ಎಲ್ಲವನ್ನೂ ನನ್ನಿಂದ ಓದಿಸಿಕೊಂಡಳು. "ಈ ಪ್ಲಾಮೆನ್ನ ನೋಡಮ್ಮಾ, ನಾಯಕಿ ಅತ್ತಳು ಅನ್ನೋಕೆ ಎರಡು ಪುಟ ತಗೊಂಡಿದಾನೆ! ನಂದು ನೋಡ್ತಿರು, ಅರ್ಧ ಪುಟದಲ್ಲೇ ಮುಗಿಸ್ಬಿಡ್ತೀನಿ," ಎಂದಳು. ಪೆನ್ನು ಕೊಟ್ಟರೆ ಬೆರಳು ಹಿಡಿಯಲಿಲ್ಲ. "ನಾಳೆ ಬರೀತೀನಿ ಬಿಡು," ಎಂದು ಗೋಡೆಯ ಕಡೆ ತಿರುಗಿದಳು.

ಆ ಅಧ್ಯಾಯವನ್ನು ಇನ್ನು ಬೇರೆಯವರಿಗೆ ಕೊಡಿ. ಪ್ಲಾಮೆನ್‌ಗೇ ಕೊಡಿ, ಎಷ್ಟು ಪುಟ ಬೇಕಾದರೂ ಬರೆಯಲಿ. ಶಾಲೆಯ ಗ್ರಂಥಾಲಯದ ಪುಸ್ತಕ ಇದರ ಜೊತೆಗಿದೆ, ತಲುಪಿಸಿಬಿಡಿ.

ನಾಳೆ ಮಧ್ಯಾಹ್ನ ಮಕ್ಕಳನ್ನು ಚರ್ಚಿಗೆ ಕರೆತರುವುದಾದರೆ ಹೂ ತರಿಸಬೇಡಿ. ಅವರು ಕಳಿಸಿದವೇ ಇನ್ನೂ ಬಾಡಿಲ್ಲ. ಲೋಟದಲ್ಲಿದ್ದ ಆ ಒಂದನ್ನೂ ಇವತ್ತು ಬೆಳಿಗ್ಗೆ ಅವುಗಳ ಜೊತೆ ಸೇರಿಸಿದೆ.

ಇಸ್ಕ್ರಾ