ಬೀರುವಿನಂಥ ಕೋಳಿಗೂಡು

ಮಾರ್ಚ್ ೯, ಭಾನುವಾರ

ನನ್ನ ಕಡ್ಡಿ ಮಗಳಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಆಸ್ಪತ್ರೆಯ ಗಡಿಬಿಡಿಯಲ್ಲೂ ನೀನು ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಬೈಯಬೇಡ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಏನೋ ನೆಪ ಮಾಡಿಕೊಂಡು ಎದ್ದೆ. "ಫೋನ್ ಮಾಡಿ ಮಾತಾಡ್ಬಾರ್ದಾ?" ಎಂದು ನಿಮ್ಮಮ್ಮ ಕೇಳಿದಳು. ಫೋನಿನಲ್ಲಿ ನಾನು "ಊಟ ಆಯ್ತಾ" ಎಂಬಲ್ಲಿಂದ ಮುಂದೆ ಹೋಗುವವನಲ್ಲ, ಅದು ನಿನಗೂ ಗೊತ್ತು.

ಮೊದಲು ಮನೆ ಸುದ್ದಿ. ಹಿತ್ತಲಿಗೆ ಮತ್ತೆ ಕೋಳಿ ಬಂದಿವೆ, ನಾಲ್ಕು. ಕಾಡುಬೆಕ್ಕು ಕೋಳಿಗಳನ್ನೆಲ್ಲ ಕೊಂದ ಆ ಬೆಳಗಿನ ನಂತರ ಎರಡು ವರ್ಷ ಹಿತ್ತಲು ಬಿಕೋ ಎನ್ನುತ್ತಿತ್ತು. ನಿಮ್ಮಮ್ಮನೇ ಹಟ ಹಿಡಿದು ತಂದಳು. "ಗೂಡು ಮಾತ್ರ ಗಟ್ಟಿಯಾಗಿ ಮಾಡಿ. ಇನ್ನೊಂದ್ಸಲ ಅದನ್ನೆಲ್ಲ ನೋಡೋಕೆ ನನ್ನಿಂದಾಗಲ್ಲ" ಎಂದಳು. ನಲವತ್ತು ವರ್ಷ ಬೀರು ಮಾಡಿದವನಿಗೆ ಗಟ್ಟಿ ಎಂದರೆ ಹೇಳಬೇಕೆ! ಹಳೆಯ ಗೂಡನ್ನು ಬಿಚ್ಚಿಹಾಕಿ, ಒಳ್ಳೆಯ ಹಲಗೆ ತಂದು, ಒಂದಕ್ಕೊಂದು ಕಚ್ಚಿಸಿ, ಸಂದಿಗಳಿಗೆಲ್ಲ ಮೇಣ ತುಂಬಿ, ಒಳಗೂ ಹೊರಗೂ ವಾರ್ನಿಷ್ ಹೊಡೆದೆ. ಬಾಗಿಲು ಹಾಕಿದರೆ ಇರುವೆ ನುಸುಳಲೂ ಜಾಗವಿಲ್ಲ. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಮೀಸೆ ತಿರುವುವುದೊಂದು ಬಾಕಿ ಇತ್ತು.

ನಾಲ್ಕನೆಯ ದಿನಕ್ಕೆ ಕೋಳಿಗಳು ಸೀನತೊಡಗಿದವು. ಬೆಳಿಗ್ಗೆ ಬಾಗಿಲು ತೆಗೆದರೆ ಹಿಕ್ಕೆಯ ಘಾಟಿಗೆ ಕಣ್ಣುರಿ, ಒಳಗೋಡೆಯೆಲ್ಲ ಬೆವೆತು ಒದ್ದೆ. ಸಂಜೆ ಒಳಗೆ ಹೋಗಲು ಒಂದೂ ಒಪ್ಪದು. ನಾನು, ನಿಮ್ಮಮ್ಮ ಇಬ್ಬರೂ ಹಿತ್ತಲು ತುಂಬ ಅವುಗಳ ಹಿಂದೆ ಓಡಿ ಏದುಸಿರು ಬಿಟ್ಟೆವು. ಕೊನೆಗೆ ಮೊಟ್ಟೆಯಕ್ಕನನ್ನು ಕರೆಸಿದೆ. ಅದೇ, ಮೂವತ್ತು ಕೋಳಿ ಸಾಕಿ ಬೀದಿಗೆಲ್ಲ ಮೊಟ್ಟೆ ಮಾರುವವಳು. ಗೂಡನ್ನು ಒಂದು ಸುತ್ತು ಹಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನ್ ಯಜಮಾನ್ರೇ, ಗೂಡೋ ಬೀರುವೋ? ಬಟ್ಟೆ ಮಡಿಸಿಡೋಕೆ ಭರ್ಜರಿಯಾಗಿದೆ. ಉಸಿರಾಡೋಕೆ ಜಾಗ ಎಲ್ಲಿ? ಚಳಿ ಆದ್ರೆ ಪುಕ್ಕ ಉಬ್ಬಿಸ್ಕೊಂಡು ತಡ್ಕೊಳ್ತವೆ, ಈ ಘಾಟು ತಡ್ಕೊಳ್ಳಲ್ಲ. ಗಾಳಿ ತಲೆ ಮೇಲೆ ಓಡಾಡ್ಬೇಕು, ಮೈ ಮೇಲೆ ಬೀಸ್ಬಾರ್ದು."

ನನ್ನ ಕೈಯಾರೆ ಮಾಡಿದ ಗೋಡೆಗೆ ನಾನೇ ಗರಗಸ ಹಾಕಿದೆ. ಸೂರಿನ ಕೆಳಗೆ ಎರಡೂ ಕಡೆ ಉದ್ದಕ್ಕೆ ಕಿಂಡಿ ಕೊರೆದೆ. ಅದಕ್ಕೆ ಬಡಿಯಲು ತಂದಿದ್ದ ಜಾಲರಿಯ ಕಣ್ಣಿಗೆ ಅವಳು ಮೂರು ಬೆರಳು ತೂರಿಸಿ ತೋರಿಸಿದಳು. "ಇದು ಕೋಳಿ ಹೊರಗೆ ಹೋಗೋದನ್ನ ತಡೆಯತ್ತೆ ಅಷ್ಟೆ. ಕಾಡುಬೆಕ್ಕಿನ ಪಂಜ ಒಳಗೆ ಬರೋದನ್ನ ತಡೆಯಲ್ಲ." ಕಿರುಬೆರಳೂ ಹೋಗದಂಥ ದಪ್ಪ ತಂತಿಯ ಜಾಲರಿ ಹಾಕಿದ್ದಾಯಿತು. ಗೂಡಿನ ಸುತ್ತ ಎರಡು ಗೇಣು ಅಗಲಕ್ಕೆ ಅದನ್ನೇ ಹಾಸಿ ಮೇಲೆ ಮಣ್ಣು ಮುಚ್ಚಿದೆ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ತೋಡುತ್ತದಂತೆ, ದೂರ ನಿಂತು ಯೋಚಿಸುವುದಿಲ್ಲವಂತೆ.

ಕೂರಲೆಂದು ನಾನು ದುಂಡಗೆ ಕಡೆದು ನುಣುಪು ಮಾಡಿದ್ದ ಕೋಲನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. ಈಗ ಮೂರು ಬೆರಳಗಲದ ಚಪ್ಪಟೆ ಪಟ್ಟಿ ಹಾಕಿದ್ದೇನೆ. ಅದರ ಮೇಲೆ ಕೂತು, ಕಾಲ್ಬೆರಳನ್ನು ಹೊಟ್ಟೆಯಡಿ ಬೆಚ್ಚಗೆ ಮುಚ್ಚಿಕೊಂಡು ಮಲಗುತ್ತವೆ. ಮೊಟ್ಟೆಯಿಡುವ ಪೆಟ್ಟಿಗೆಗಳನ್ನು ಅದಕ್ಕಿಂತ ತಗ್ಗಿನಲ್ಲಿಟ್ಟೆ. ಮೇಲಿದ್ದರೆ ಅಲ್ಲೇ ಮಲಗಿ ಗಲೀಜು ಮಾಡುತ್ತವಂತೆ. ನೆಲಕ್ಕೆ ದಪ್ಪಗೆ ಒಣಹುಲ್ಲು ಹಾಸಿದೆ. ಸೀನು ನಿಂತು ವಾರವಾಯಿತು. ಹೊತ್ತು ಇಳಿಯುತ್ತಲೇ ಯಾರೂ ಕರೆಯದೆ ಸಾಲಾಗಿ ಒಳಗೆ ಹೋಗುತ್ತವೆ. ಬಾಗಿಲಿಗೆ ಕೊಂಡಿಯೊಂದನ್ನು ಮಾತ್ರ ಇನ್ನೂ ಹಾಕಿಲ್ಲ. ಅಂಗಡಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆ. ಸದ್ಯಕ್ಕೆ ತಂತಿ ಸುತ್ತಿ ಬಿಗಿಯುತ್ತಿದ್ದೇನೆ.

ಇನ್ನು ನಿನ್ನ ವಿಷಯ. ಹಸುಗೂಸುಗಳ ವಾರ್ಡಿನ ಉಸ್ತುವಾರಿ ನಿನಗೇ ಎಂದು ನಿಮ್ಮ ದೊಡ್ಡ ನರ್ಸಮ್ಮ ಹೇಳಿದರೆ, ನೀನು ಹದಿನೈದನೇ ತಾರೀಕಿನೊಳಗೆ ಬೇಡ ಎಂದು ಬರೆದುಕೊಡುವವಳಿದ್ದೀಯ. "ಒಂದು ಕೊಂಡಿ ಹಾಕಲು ಮರೆತು ಐದು ಕೋಳಿ ಕೊಂದವಳ ಕೈಗೆ ಹನ್ನೆರಡು ಕೂಸುಗಳನ್ನು ಕೊಡಬಾರದು ಅಪ್ಪ. ಔಷಧಿ ಬೀರುವಿಗೆ ಬೀಗ ಹಾಕಿದ ಮೇಲೂ ನಾಲ್ಕು ಸಲ ಹಿಂದಿರುಗಿ ಹೋಗಿ ಎಳೆದು ನೋಡುತ್ತೇನೆ" ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆ ಮಾತು ನಿನ್ನದಲ್ಲ, ನಾನು ನಿನ್ನ ತಲೆಯಲ್ಲಿ ಕೂರಿಸಿದ್ದು. ಸತ್ತ ಕೋಳಿಗಳ ಮುಂದೆ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, "ಐದು ಕೋಳಿ ನೋಡ್ಕೊಳ್ಳೋಕೆ ಬರದವಳು ನಾಳೆ ರೋಗಿಗಳನ್ನ ಏನ್ ನೋಡ್ಕೋತೀಯಾ?" ಎಂದೆ. ಆಗ ನಿನ್ನ ನರ್ಸಿಂಗ್ ಪರೀಕ್ಷೆಗೆ ಇನ್ನು ಹತ್ತೇ ದಿನ. "ಹಾಕಿದ ಹಾಗೇ ನೆನಪು ಅಪ್ಪ" ಎಂದು ನೀನು ಮೆಲ್ಲಗೆ ಹೇಳಿದೆ. ನಾನು ಅದಕ್ಕೂ ಗದರಿದೆ.

"ಬೇಡ ಅನ್ಬೇಡ ಅಂತ ಬರೀರಿ. ನಿಮ್ಮ ಮಾತು ಅಂದ್ರೆ ಅವಳಿಗೆ ಕಲ್ಲಲ್ಲಿ ಕೆತ್ತಿದ ಹಾಗೆ" ಎನ್ನುತ್ತಾಳೆ ನಿಮ್ಮಮ್ಮ. ನನಗಿರುವ ಸಂಕಟವೂ ಅದೇ. ಮರೆವು ಯಾರಿಗಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಧೈರ್ಯವಾಗಿ ಒಪ್ಪಿಕೋ. ನಿನ್ನ ಕೈಗೆ ಬಂದ ಕೂಸುಗಳೆಲ್ಲ ಚೆನ್ನಾಗಿರಲಿ, ನೀನೂ ತಣ್ಣಗಿರು.

ಇಂತಿ,
ನಿನ್ನ ಅಪ್ಪ

ಮರೆತದ್ದು: ಹಾಗೆಂದು ಬರೆದೆ, ಆದರೆ ಮರೆತಿಲ್ಲ. ಮೇಲೆ ಬರೆದ ಸಮಾಧಾನದ ಮಾತು ಓದಿ ನನಗೇ ಅಸಹ್ಯವಾಯಿತು. ಆ ಸಂಜೆ ನೀನು ಓದಲು ಒಳಗೆ ಹೋದ ಮೇಲೆ ನಾನು ಹಿತ್ತಲಿಗೆ ಹೋಗಿದ್ದೆ. ಗೂಡಿನ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿತ್ತು. ನಾನು ಮಾಡಿದ ಬಾಗಿಲು ಉಜ್ಜಿದರೆ ನನಗೆ ಅನ್ನ ಸೇರುವುದಿಲ್ಲ. ಬಾಗಿಲು ತೆರೆದು ಅಂಚನ್ನು ನಾಲ್ಕು ಸಲ ಕೀಸಿದೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ಗಿರಾಕಿ ಕೂಗಿದರು. ಬಾಗಿಲನ್ನು ಸುಮ್ಮನೆ ದೂಡಿ ಹೋದವನು ಮತ್ತೆ ಆ ಕಡೆ ಬರಲೇ ಇಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋದವನೂ ನಾನೇ. ಬಾಗಿಲ ಬುಡದಲ್ಲಿ ನಾನು ಕೀಸಿದ ಮರದ ಸುರುಳಿಗಳು ಬಿದ್ದಿದ್ದವು. ಅವನ್ನು ಕಾಲಿನಿಂದ ಒತ್ತರಿಸಿ ಬೇಲಿಯ ಕೆಳಗೆ ತಳ್ಳಿದೆ. ಆಮೇಲೆ ನಿನ್ನನ್ನು ಕೂಗಿದೆ.

ಇದನ್ನು ಈಗಷ್ಟೇ ನಿಮ್ಮಮ್ಮನಿಗೆ ಓದಿ ಹೇಳಿದೆ. ಎದ್ದು ಹೋದಳು. ನೀನು ಎಷ್ಟು ವರ್ಷ ಬೇಕಾದರೂ ಮಾತು ಬಿಡು, ಯಾಕೆಂದು ನಾನು ಕೇಳುವುದಿಲ್ಲ. ಆದರೆ ಬೇಡ ಎಂದು ಮಾತ್ರ ಬರೆದುಕೊಡಬೇಡ ಮಗಳೇ. ನಿನ್ನ ನೆನಪು ಸರಿಯಾಗಿಯೇ ಇತ್ತು. ನಾನು ಹೋದಾಗ ಕೊಂಡಿ ಹಾಕಿತ್ತು. ಬಿಗಿಯಾಗಿ ಹಾಕಿತ್ತು, ಬಿಚ್ಚಲು ನನಗೆ ಎರಡೂ ಕೈ ಬೇಕಾಯಿತು.